ಮೈದಾನದಲ್ಲಿ ಮೈಯ ಮಾತು
(ಕ್ರೀಡಾ ದಿನಾಚರಣೆಯಲ್ಲಿ ಮಾಡಿದ ಭಾಷಣ)



ಆಟದ ಮೈದಾನದಲ್ಲಿ ಬಾಯಿಗಿಂತ ಮೈಯೇ ಹೆಚ್ಚು ಮಾತನಾಡುತ್ತದೆ. ಫೀಲ್ಡರ್ ಒಂದು ಕ್ಯಾಚ್ ಕೈಚೆಲ್ಲುತ್ತಾನೆ. ಬೌಲರ್ ಸೊಂಟದ ಮೇಲೆ ಕೈಯಿಟ್ಟು ಅವನನ್ನೇ ದುರುಗುಟ್ಟಿ ನೋಡುತ್ತಾನೆ. ಬೈಗುಳ ಬೇಕಿಲ್ಲ, ಅಷ್ಟೇ ಸಾಕು. ಮುಂದಿನ ಚೆಂಡು ನನ್ನ ಕಡೆ ಬಾರದಿದ್ದರೆ ಸಾಕಪ್ಪಾ ಎಂದು ಆ ಹುಡುಗ ಹೆದರುತ್ತಾನೆ. ಹನ್ನೊಂದು ಮಂದಿಯ ತಂಡ ಆ ಕ್ಷಣ ಹತ್ತು ಮಂದಿಯದಾಗುತ್ತದೆ.

ಇದು ಬರೀ ಊಹೆಯಲ್ಲ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ 2008-09ರ ಋತುವಿನ ಆರಂಭದ ಪಂದ್ಯಗಳನ್ನು ಸಂಶೋಧಕರು ಪರಿಶೀಲಿಸಿದರು. ಆಟಗಾರರು ಪರಸ್ಪರ ಬೆನ್ನು ತಟ್ಟಿದ್ದು, ಕೈಗೆ ಕೈ ತಾಗಿಸಿದ್ದು, ಅಪ್ಪಿಕೊಂಡದ್ದು ಎಲ್ಲವನ್ನೂ ಎಣಿಸಿದರು. 2010ರಲ್ಲಿ ಫಲಿತಾಂಶ ಪ್ರಕಟವಾಯಿತು. ಆರಂಭದಲ್ಲಿ ಹೆಚ್ಚು ಬೆನ್ನು ತಟ್ಟಿದ ತಂಡಗಳು ಋತುವಿನ ಮುಂದಿನ ಭಾಗದಲ್ಲಿ ಹೆಚ್ಚು ಸಹಕಾರದಿಂದ, ಹೆಚ್ಚು ಚೆನ್ನಾಗಿ ಆಡಿದ್ದವು. ಗೆಲ್ಲುವವರು ಖುಷಿಯಿಂದ ಬೆನ್ನು ತಟ್ಟುವುದು ಸಹಜವಲ್ಲವೇ ಎಂದು ನೀವು ಕೇಳಬಹುದು. ತಂಡಗಳ ಆರಂಭದ ಸಾಧನೆಯನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಆ ಸಂಬಂಧ ಉಳಿದಿತ್ತು. ಹಾಗೆಂದು ಬೆನ್ನು ತಟ್ಟಿದರೆ ಗೆಲುವು ಖಚಿತ ಎಂದು ಇದರಿಂದ ಸಾಬೀತಾಗುವುದಿಲ್ಲ.

ಅದೇ 2010ರಲ್ಲಿ ಫುಟ್‌ಬಾಲ್ ಬಗ್ಗೆಯೂ ಒಂದು ಅಧ್ಯಯನ ಹೊರಬಂತು. ವಿಶ್ವಕಪ್ ಮತ್ತು ಯುರೋಪಿಯನ್ ಚಾಂಪಿಯನ್‌ಷಿಪ್‌ಗಳ ಪೆನಾಲ್ಟಿ ಶೂಟೌಟ್‌ಗಳನ್ನು ಅದರಲ್ಲಿ ನೋಡಲಾಗಿತ್ತು. ಗೋಲು ಹೊಡೆದು ಎರಡೂ ಕೈ ಮೇಲೆತ್ತಿ ಸಂಭ್ರಮಿಸಿದವರ ತಂಡಗಳು ಕೊನೆಗೆ ಗೆದ್ದದ್ದೇ ಹೆಚ್ಚು. ಒಬ್ಬನ ಸಂತೋಷ, ಒಬ್ಬನ ಧೈರ್ಯ ಉಳಿದವರಿಗೂ ಅಂಟುತ್ತದೆ ಎಂಬುದು ಸಂಶೋಧಕರ ವಿವರಣೆ.

ಆದರೆ ಎದೆಯುಬ್ಬಿಸಿ ನಿಂತ ಮಾತ್ರಕ್ಕೆ ಯಾರೂ ಆಟಗಾರರಾಗುವುದಿಲ್ಲ. ಹಾಗೆ ನಿಂತರೆ ದೇಹದ ಹಾರ್ಮೋನುಗಳೇ ಬದಲಾಗುತ್ತವೆ ಎಂದು ಒಮ್ಮೆ ಬಹಳ ಪ್ರಚಾರವಾಗಿತ್ತು. 2015ರಲ್ಲಿ 200 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಅಂಥ ಬದಲಾವಣೆ ಕಂಡುಬರಲಿಲ್ಲ. ಅಭ್ಯಾಸಕ್ಕೆ ಬದಲಿಯಿಲ್ಲ. ದೇಹಭಾಷೆಯ ಬೆಲೆ ಇರುವುದು ನಮ್ಮ ಪ್ರದರ್ಶನದಲ್ಲಲ್ಲ, ಜೊತೆಗಾರನಿಗೆ ಅದು ಕೊಡುವ ಬಲದಲ್ಲಿ.

ನಮ್ಮ ಕರ್ನಾಟಕದ ಸೈಯದ್ ಕಿರ್ಮಾನಿಯವರನ್ನು ನೆನೆಯಿರಿ. 1983ರ ಜೂನ್ 18ರಂದು ಇಂಗ್ಲೆಂಡಿನ ಟನ್‌ಬ್ರಿಡ್ಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ವಿರುದ್ಧ ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು. ಕಪಿಲ್ ದೇವ್ ಅಜೇಯ 175 ಹೊಡೆದದ್ದು ಎಲ್ಲರಿಗೂ ಗೊತ್ತು. 8 ವಿಕೆಟ್ ಬಿದ್ದ ಮೇಲೆ ಬಂದ ಕಿರ್ಮಾನಿ ಹೊಡೆದದ್ದು ಅಜೇಯ 24. ಆದರೆ ಇಬ್ಬರೂ ಸೇರಿ ಮುರಿಯದ 126 ರನ್ ಕೂಡಿಸಿದರು. ಭಾರತ 31 ರನ್ನುಗಳಿಂದ ಗೆದ್ದಿತು, ಒಂದು ವಾರದ ನಂತರ ವಿಶ್ವಕಪ್ಪನ್ನೂ ಗೆದ್ದಿತು. ಇನ್ನೊಂದು ತುದಿಯಲ್ಲಿ ನಂಬಿಗಸ್ತನೊಬ್ಬ ನಿಂತಿದ್ದರೆ ಏನಾಗಬಹುದು ಎಂಬುದಕ್ಕೆ ಆ 24 ರನ್ನೇ ಸಾಕ್ಷಿ.

ವಿದ್ಯಾರ್ಥಿಗಳೇ, ನೀವು ತಪ್ಪು ಮಾಡಿದಾಗ ತಲೆಯೆತ್ತಿ ನಿಮ್ಮ ಜಾಗಕ್ಕೆ ಮರಳಿರಿ. ಜೊತೆಗಾರ ತಪ್ಪಿದಾಗ ಅವನ ಬಳಿಗೆ ಹೋಗಿ ಬೆನ್ನು ತಟ್ಟಿರಿ. ಆಡುವ ಅವಕಾಶ ಸಿಗದೆ ಹೊರಗೆ ಕುಳಿತಾಗಲೂ ಮುಖ ತಿರುಗಿಸದೆ ಆಟ ನೋಡಿರಿ.

ಹಿರಿಯರಲ್ಲಿ ಒಂದು ವಿನಂತಿ. ಗೆರೆಯಾಚೆ ನಿಂತ ನಿಮ್ಮ ಮುಖವನ್ನೂ ಮಕ್ಕಳು ಓದುತ್ತಾರೆ. ಕಡಿಮೆ ಅಂಕದ ಪಟ್ಟಿ ಹಿಡಿದು ಬಂದ ಮಗು ಮೊದಲು ನೋಡುವುದೂ ನಿಮ್ಮ ಮುಖವನ್ನೇ. ಅದು ಮರುದಿನ ಉತ್ಸಾಹದಿಂದ ಶಾಲೆಗೆ ಹೋಗುತ್ತದೋ, ಓದಿನ ಆಸೆಯನ್ನೇ ಬಿಡುತ್ತದೋ ಎಂಬುದು ಎಷ್ಟೋ ಸಲ ಆ ಒಂದು ನೋಟದಲ್ಲಿ ತೀರ್ಮಾನವಾಗುತ್ತದೆ. ಸೋತವರ ಹೆಗಲ ಮೇಲೆ ಕೈಯಿಡುವ ಅಭ್ಯಾಸ ಮೈದಾನದಿಂದ ನಮ್ಮ ಮನೆಗೂ ಬರಲಿ ಎಂದು ಹಾರೈಸಿ ನನ್ನ ಮಾತು ಮುಗಿಸುತ್ತೇನೆ.