ಹಂಚಿಕೊಂಡ ನಿಘಂಟು

ಜಪಾನೀ ಭಾಷೆಯನ್ನು ಕಲಿಯಹೊರಟವರ ಕೈಗೆ ನಿಘಂಟನ್ನು ಕೊಟ್ಟರೆ ಸಾಲದು. ಅದರಲ್ಲಿ ಪದವನ್ನು ಹುಡುಕುವುದೇ ಒಂದು ವಿದ್ಯೆ. ನಮ್ಮ ಕೋಶಗಳಲ್ಲಿ ಅಕಾರದಿಂದ ಳಕಾರದವರೆಗೆ ದಾರಿ ನೇರ. ಅಲ್ಲಿ ಹಾಗಲ್ಲ. ಕಾಂಜಿ ಎಂಬ ಚೀನೀ ಮೂಲದ ಅಕ್ಷರವೊಂದು ನಿಮಗೆ ಎದುರಾಯಿತೆಂದಿಟ್ಟುಕೊಳ್ಳಿ. (ನಮ್ಮ ಗಂಜಿಗೂ ಇದಕ್ಕೂ ನಂಟಿಲ್ಲ!) ಉಚ್ಚಾರಣೆ ತಿಳಿಯದೆ ಹುಡುಕುವುದೆಲ್ಲಿ? ಮುದ್ರಿತ ನಿಘಂಟಿನಲ್ಲಾದರೆ, ರೂಢಿಯ 214 ಮೂಲಾಂಗಗಳಲ್ಲಿ ಯಾವುದು ಅದರೊಳಗೆ ಅಡಗಿದೆಯೆಂದು ಊಹಿಸಿ, ಉಳಿದ ಗೆರೆಗಳನ್ನು ಎಣಿಸಬೇಕು. ಒಂದು ಗೆರೆ ತಪ್ಪಿದರೆ ಪುಟವೇ ತಪ್ಪಿತು. ಸಿಕ್ಕಿದ ಮೇಲಾದರೂ ನೆಮ್ಮದಿಯೆ? ಗುರು ಎಂಬರ್ಥದ 'ಸೆನ್ಸೇ' ಪದದಲ್ಲಿ 'ಸೇ' ಆಗಿರುವ ಅಕ್ಷರವೇ, ಹುಟ್ಟುಹಬ್ಬವೆಂಬ 'ತಾಂಜೋಬಿ'ಯಲ್ಲಿ 'ಜೋ', ಹಸಿಮೊಟ್ಟೆಯ 'ನಮತಮಗೊ'ದಲ್ಲಿ 'ನಮ'!

ಈ ಕಾಡಿನಲ್ಲಿ ದಾರಿ ಕಡಿದವರಲ್ಲಿ ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾನಿಲಯದ ಜಿಮ್ ಬ್ರೀನ್ ಅವರು ಮುಖ್ಯರು. 1991ರಲ್ಲಿ ಅವರು 'ಎಡಿಕ್ಟ್' ಎಂಬ ಸಾಧಾರಣ ಗಣಕ ಕಡತವೊಂದನ್ನು ಆರಂಭಿಸಿದರು. ಸಾಲಿಗೊಂದು ಪದ, ಅದರ ಉಚ್ಚಾರಣೆ, ಇಂಗ್ಲಿಷಿನಲ್ಲಿ ಅರ್ಥ, ಇಷ್ಟೆ. ಆದರೆ ಅದನ್ನು ಬೀಗ ಹಾಕಿ ಇಡಲಿಲ್ಲ. ಬೇಕಾದವರು ಪಡೆಯಬಹುದು, ತಪ್ಪು ಕಂಡವರು ತಿದ್ದುಪಡಿ ಕಳುಹಬಹುದು. ಹೀಗೆ ಹಲವು ದೇಶಗಳ ಉತ್ಸಾಹಿಗಳು ಪದ ಕೂಡಿಸುತ್ತ ಬಂದರು. ಮುಂದೆ ಅದು 'ಜೆಎಂಡಿಕ್ಟ್' ಎಂಬ ಬಹುಭಾಷಾ ಕೋಶವಾಗಿ ಬೆಳೆದು, ಇಂದು ಎರಡು ಲಕ್ಷಕ್ಕೂ ಮಿಕ್ಕ ನಮೂದುಗಳನ್ನು ಹೊಂದಿದೆ. ಯಾರೋ ಕಳುಹಿದ್ದು ತಾನಾಗಿ ಒಳಸೇರುವುದಿಲ್ಲ, ಸಂಪಾದಕರು ಪರಿಶೀಲಿಸುತ್ತಾರೆ. ಮೂಲವನ್ನು ಹೆಸರಿಸಬೇಕು, ತಿದ್ದಿ ಬೆಳೆಸಿದ ಕೋಶವನ್ನು ಹೊರತಂದರೆ ಅದನ್ನೂ ಅದೇ ಷರತ್ತಿನಲ್ಲಿ ಹಂಚಬೇಕು ಎಂಬ ಕಟ್ಟಲೆಗೆ ಒಪ್ಪಿದರೆ ವ್ಯಾಪಾರಿಗೂ ಅದು ಮುಕ್ತ. ಕಲಿಯುವವರ ಕೈಫೋನಿನಲ್ಲಿರುವ ಎಷ್ಟೋ ಜಪಾನೀ ನಿಘಂಟುಗಳ ಒಡಲಲ್ಲಿ ಇರುವುದು ಈ ಕಡತವೇ. ಈಗ ಗೆರೆ ಎಣಿಸಲೇಬೇಕೆಂದಿಲ್ಲ. ಅಕ್ಷರದಲ್ಲಿ ಕಂಡ ತುಣುಕುಗಳನ್ನು ಒಂದೊಂದಾಗಿ ಆರಿಸಿದರೆ, ಅವೆಲ್ಲ ಇರುವ ಅಕ್ಷರಗಳು ಮಾತ್ರ ಉಳಿದುಕೊಳ್ಳುತ್ತವೆ.

ಈ ಕೋಶದಲ್ಲಿ ಜರ್ಮನ್, ಫ್ರೆಂಚ್, ರಷ್ಯನ್, ಡಚ್ ಅರ್ಥಗಳು ಸೇರಿವೆ. ಕನ್ನಡವಿಲ್ಲ. ಬೆಂಗಳೂರಿನಲ್ಲಿ ಜಪಾನೀ ಕಲಿಯುವ ನಿಮ್ಮ ಮಗನೋ ಮಗಳೋ ಇಂಗ್ಲಿಷಿನ ಬಾಗಿಲಿನಿಂದಲೇ ಹೋಗಬೇಕು. ಅದು ಸುತ್ತುದಾರಿ. ಜಪಾನೀಯರಿಗೆ 'ಅನಿ' ಬೇರೆ, 'ಒತೋತೊ' ಬೇರೆ. 'ಅನೆ' ಬೇರೆ, 'ಇಮೋತೊ' ಬೇರೆ. ಇಂಗ್ಲಿಷು ಮೊದಲಿಬ್ಬರನ್ನೂ 'ಬ್ರದರ್' ಮಾಡಿ, ಹಿರಿಯ, ಕಿರಿಯ ಎಂದು ಪಟ್ಟಿ ಅಂಟಿಸಬೇಕಾಗುತ್ತದೆ. ನಮಗೆ ಆ ಪಾಡಿಲ್ಲ: ಅಣ್ಣ, ತಮ್ಮ, ಅಕ್ಕ, ತಂಗಿ. ನಾಲ್ಕು ಸಾಲುಗಳು ಇಲ್ಲಿಗೇ ಆದುವು.