ವಾಷಿಂಗ್ಟನ್: ಊರಿಂದ ಹೆಸರು, ಹೆಸರಿಂದ ಊರು

ವಾಷಿಂಗ್ಟನ್ ಅಂದ ತಕ್ಷಣ ನಮಗೆ ನೆನಪಾಗೋದು ಅಮೆರಿಕ. ಆದರೆ ಜಾರ್ಜ್ ವಾಷಿಂಗ್ಟನ್ ಮನೆತನಕ್ಕೆ ಆ ಹೆಸರು ಬಂದಿದ್ದು ಇಂಗ್ಲೆಂಡಿನ ಈಶಾನ್ಯ ಭಾಗದ ಒಂದು ಊರಿಂದ. ಕೊನೆಯ 'ಟನ್' ಹಳೇ ಇಂಗ್ಲಿಷಿನ 'ಟೂನ್', ಅಂದರೆ ಬೇಲಿ ಹಾಕಿದ ಜಾಗ, ಹಳ್ಳಿ. ನ್ಯೂಟನ್ ಅಂದರೂ ಅಷ್ಟೇ, ನಮ್ಮ ಹೊಸಹಳ್ಳಿ!

12ನೇ ಶತಮಾನದ ಕೊನೆಗೆ ವಿಲಿಯಂ ಡಿ ಹರ್ಟ್‌ಬರ್ನ್ ಎಂಬ ಜಮೀನ್ದಾರ ಈ ಊರಿಗೆ ಬಂದ. ಊರಿನ ಜೊತೆ ಹೆಸರೂ ಬದಲಾಯ್ತು. ಹರ್ಟ್‌ಬರ್ನಿನ ವಿಲಿಯಂ ವಾಷಿಂಗ್ಟನ್ನಿನ ವಿಲಿಯಂ ಆದ. ವಂಶದವರು ಮುಂದೆ ಆ ಊರು ಬಿಟ್ಟರು, ಹೆಸರು ಬಿಡಲಿಲ್ಲ. 1650ರ ದಶಕದಲ್ಲಿ ಜಾನ್ ವಾಷಿಂಗ್ಟನ್ ವರ್ಜೀನಿಯಾಗೆ ಹೋದರು. ಅವರ ಮರಿಮಗ ಜಾರ್ಜ್. 1791ರಲ್ಲಿ ಹೊಸ ರಾಜಧಾನಿಗೆ ಅವರ ಹೆಸರನ್ನೇ ಇಟ್ಟರು. ಹೆಸರು ಮತ್ತೆ ಊರಾಯ್ತು.

ನಾನು ಪುಣೆಗೆ ಬಂದಾಗ ಫಾರ್ಮಿನಲ್ಲಿ 'ಲಾಸ್ಟ್ ನೇಮ್' ಕೇಳಿದ್ರು. ಅಪ್ಪನ ಹೆಸರು ಹಾಕಿದೆ. ಇನಿಷಿಯಲ್ಲಿನಲ್ಲಿದ್ದ ಊರು ಅಲ್ಲೇ ಬಿಟ್ಟುಹೋಯ್ತು. ಈಗ ಮಗಳ ಶಾಲೆ ಫಾರ್ಮ್ ಮುಂದಿದೆ. ಅವಳು ಆ ಊರಲ್ಲಿ ಒಂದು ವಾರವೂ ಇದ್ದಿಲ್ಲ. ಆದರೂ ಈ ಸಲ ಊರಿನ ಹೆಸರನ್ನ ಪೂರ್ತಿ ಬರೀತೀನಿ.

ನಿಮ್ಮ ಇನಿಷಿಯಲ್ಲಿನಲ್ಲಿ ಯಾವ ಊರಿದೆ? ಮನೇಲಿ ಮಕ್ಕಳಿಗೆ ಒಮ್ಮೆ ಹೇಳಿ.