ಟರ್ಕಿ ಕೋಳಿಯ ಮೇವು



ಇಲ್ಲಿ ದುಡಿದು ಊರಿಗೆ ಹಣ ಕಳಿಸುವ ನಮ್ಮಲ್ಲಿ ಕೆಲವರಿಗೆ, ಮನೆಯವರು ಟರ್ಕಿ ಕೋಳಿ ಸಾಕಲೆಂಬ ಆಸೆಯುಂಟು. ಸಾಕಣೆಯ ಖರ್ಚಿನಲ್ಲಿ ಅರ್ಧಕ್ಕೂ ಹೆಚ್ಚು ಮೇವಿನದೇ. ಆದ್ದರಿಂದ ಮೊದಲು ಅದರ ಲೆಕ್ಕ ನೋಡೋಣ.

ಹಕ್ಕಿಗೆ ಶಕ್ತಿ ಕೊಡುವ ಮುಖ್ಯ ಕಾಳು ಗೋವಿನಜೋಳ. ಈಗ ಅದು ಎಥೆನಾಲ್ ತಯಾರಿಕೆಗೂ ಹೋಗುತ್ತಿರುವುದರಿಂದ ಗಿರಾಕಿ ಹೆಚ್ಚಿದೆ. ಅದು ತುಟ್ಟಿಯಾದಾಗ ಬಿಳಿಜೋಳ, ಸಜ್ಜೆ, ನುಚ್ಚಕ್ಕಿಗಳನ್ನು ಒಂದಿಷ್ಟು ಬೆರೆಸಬಹುದು. ಒಗರು ಹೆಚ್ಚಿರುವ ಕೆಂಪುಜೋಳ ಸರಿಯಾಗಿ ಜೀರ್ಣವಾಗದು. ತೌಡು ಬೇಗ ಕಮಟಾಗುತ್ತದೆ. ಕಾಳು ಯಾವುದಾದರೂ, ಎಳೆಮರಿಗಳ ಮೇವಿನಲ್ಲಿ ನೂರಕ್ಕೆ ಸುಮಾರು 28 ಪಾಲು ಸಸಾರಜನಕವಿರಬೇಕು.

ಎಲ್ಲಕ್ಕಿಂತ ದೊಡ್ಡ ಶತ್ರು ಬೂಷ್ಟು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷದಷ್ಟು ಟರ್ಕಿ ಮರಿಗಳು ಸತ್ತವು. ಬೂಷ್ಟು ಹಿಡಿದ ಶೇಂಗಾಹಿಂಡಿಯೇ ಕಾರಣವೆಂದು ಆಮೇಲೆ ತಿಳಿಯಿತು. ಅಫ್ಲಾಟಾಕ್ಸಿನ್ ಎಂಬ ಆ ವಿಷ ಗೋವಿನಜೋಳದಲ್ಲಿಯೂ ಹುಟ್ಟುತ್ತದೆ, ಕುದಿಸಿದರೂ ಹೋಗದು. ಆದ್ದರಿಂದ ಅಗ್ಗಕ್ಕೆ ಸಿಕ್ಕಿತೆಂದು ಹಸಿಕಾಳು ಕೊಳ್ಳಬಾರದು. ಚೆನ್ನಾಗಿ ಒಣಗಿಸಿ, ಚೀಲಗಳನ್ನು ನೆಲದ ತೇವ ತಾಗದಂತೆ ಹಲಗೆಯ ಮೇಲಿಡಬೇಕು.

ಹೆಚ್ಚಿನ ವಿಷಯವನ್ನು ಊರಿನವರು ಹೆಸರಘಟ್ಟದಲ್ಲಿ, ನಾವು ಗೋರೆಗಾಂವಿನ ಆರೆ ಕಾಲನಿಯಲ್ಲಿ, ಕೇಂದ್ರ ಕುಕ್ಕುಟ ಅಭಿವೃದ್ಧಿ ಸಂಸ್ಥೆಯವರನ್ನು ವಿಚಾರಿಸಬಹುದು. ಹಣ ಕಳಿಸುವ ಮೊದಲು ಈ ಮಾತುಗಳನ್ನು ಮನೆಗೆ ತಿಳಿಸೋಣ.